ಸೀಲಿಂಗಿನ ಎಲ್‌ಇಡಿ ಆರಿತೇ? ಪ್ಯಾನೆಲ್ ಎಸೆಯುವ ಮೊದಲು ಡ್ರೈವರ್ ನೋಡಿ

ಪ್ರಶ್ನೆ: ನಮ್ಮ ಹಾಲ್‌ನ ಪಿಒಪಿ ಸೀಲಿಂಗಿನಲ್ಲಿ 12 ವ್ಯಾಟ್‌ನ ಆರು ದುಂಡನೆಯ ಎಲ್‌ಇಡಿ ಪ್ಯಾನೆಲ್‌ಗಳಿವೆ. ಒಂದು ಕೆಲವು ದಿನ ಮಿಣಮಿಣ ಅಂದು ಈಗ ಪೂರ್ತಿ ಆರಿದೆ. ವಾಯರ್‌ಮನ್ ಬಂದು ನೋಡಿ, ‘ಈ ಮಾಡೆಲ್ ಈಗ ಸಿಗೋದಿಲ್ಲ, ಆರನ್ನೂ ಹೊಸದು ಹಾಕಿಸಿ’ ಅಂದರು. ಅದು ಅಗತ್ಯವೇ? ನಾವೇ ಬದಲಿಸಿಕೊಳ್ಳಬಹುದೇ?
ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಆರನ್ನೂ ಬದಲಿಸುವ ಮಾತು ಸದ್ಯಕ್ಕೆ ಬೇಡ. ಮಿಣುಕಿ ಮಿಣುಕಿ ಆರಿದ ಪ್ಯಾನೆಲ್‌ನಲ್ಲಿ ಬಹಳ ಸಲ ಕೆಟ್ಟಿರುವುದು ದೀಪವಲ್ಲ, ಅದರ ಹಿಂದೆ ವಾಯರಿನಲ್ಲಿ ಜೋಲುವ ಡ್ರೈವರ್ ಎಂಬ ಪುಟ್ಟ ಡಬ್ಬಿ. ಮನೆಗೆ ಬರುವ 230 ವೋಲ್ಟ್ ಎಸಿಯನ್ನು ಎಲ್‌ಇಡಿಗೆ ಬೇಕಾದ ಡಿಸಿಯಾಗಿ ಮಾಡಿ, ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದು ಅದರ ಕೆಲಸ. ಒಳಗಿರುವ, ವಿದ್ಯುತ್ತನ್ನು ತುಂಬಿಟ್ಟುಕೊಂಡು ಸಮನಾಗಿ ಬಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗೆ ಶಾಖವೇ ಶತ್ರು: ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪಿಒಪಿ ಮತ್ತು ಸ್ಲ್ಯಾಬಿನ ನಡುವಿನ ಸಂದಿಯಲ್ಲಿ ಗಾಳಿಯಾಡುವುದಿಲ್ಲ. ಮೇಲಿನ ಮಹಡಿಯಾದರೆ ಸ್ಲ್ಯಾಬಿನ ಕಾವು ಬೇರೆ. ಕೆಪಾಸಿಟರ್ ಒಣಗುತ್ತಾ ಬಂದಂತೆ ಬೆಳಕು ನಡುಗುತ್ತದೆ, ಹೊತ್ತಿಕೊಳ್ಳಲು ತಡ ಮಾಡುತ್ತದೆ, ಒಂದು ದಿನ ನಿಲ್ಲುತ್ತದೆ. ಡ್ರೈವರ್ ಬಿಚ್ಚಿ ನೋಡಿದರೆ ಆ ಕೆಪಾಸಿಟರಿನ ಚಪ್ಪಟೆ ತಲೆ ಉಬ್ಬಿರುವುದು ಕಣ್ಣಿಗೇ ಕಾಣುತ್ತದೆ.

ಫಿಟ್ಟಿಂಗ್ ಬದಲಿಸುವುದು ಮನೆಯವರು ಮಾಡಿಕೊಳ್ಳಬಹುದಾದ ಕೆಲಸವೇ. ಹೊಸ ಪಾಯಿಂಟ್ ಎಳೆಯುವುದು, ವಾಯರಿಂಗ್ ಬದಲಿಸುವುದು ಮಾತ್ರ ಲೈಸೆನ್ಸ್ ಇರುವವರಿಗೆ ಬಿಡಿ.

ಮೊದಲು ಕರೆಂಟ್. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಬಿಲ್ಡಿಂಗ್‌ಗಳಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟ್ ತರುವ ವಾಯರ್) ಬದಲು ನ್ಯೂಟ್ರಲ್‌ಗೆ (ಕರೆಂಟ್ ಮರಳುವ ವಾಯರ್) ಹಾಕಿರುವುದು ಅಪರೂಪವೇನಲ್ಲ. ಅಂಥಲ್ಲಿ ಸ್ವಿಚ್ ಆಫ್ ಇದ್ದರೂ ಲೈಟಿನ ವಾಯರಿನಲ್ಲಿ ಫೇಸ್ ಜೀವಂತವಾಗಿರುತ್ತದೆ. ಮನೆಯ ಕರೆಂಟ್ ಹಂಚುವ ಪೆಟ್ಟಿಗೆಯಾದ ಡಿಬಿಯಲ್ಲಿ ಆ ಕೋಣೆಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಅದರ ಮೇಲೆ ಟೇಪ್ ಅಂಟಿಸಿ. ಮನೆಯಲ್ಲಿ ಯಾರೋ ‘ಇದ್ಯಾಕೆ ಬಿದ್ದಿದೆ’ ಎಂದು ಎತ್ತಿಬಿಡುವುದು ನಡೆಯುವ ಸಂಗತಿ. ಯಾವ ಎಂಸಿಬಿ ಎಂದು ಗೊತ್ತಾಗದಿದ್ದರೆ ಮೇನನ್ನೇ ಇಳಿಸಿ, ಹಗಲಲ್ಲಿ ಕೆಲಸ ಮಾಡಿ. ಟೆಸ್ಟರನ್ನು ಕರೆಂಟ್ ಇರುವಾಗಲೇ ಒಂದು ಪ್ಲಗ್ಗಿನಲ್ಲಿ ಹಾಕಿ, ಅದು ಉರಿಯುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಮೇಲೆ ಒಯ್ಯಿರಿ. ಕೆಟ್ಟ ಟೆಸ್ಟರ್ ಕೂಡ ‘ಕರೆಂಟ್ ಇಲ್ಲ’ ಎಂದೇ ಹೇಳುತ್ತದೆ. ವಾಯರಿನ ಬಣ್ಣ ನಂಬಬೇಡಿ. ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಂಗ್‌ಗೆ ಹಸಿರು ಎಂಬುದು ನಮ್ಮಲ್ಲಿನ ಪದ್ಧತಿ. ಆದರೆ ಕೈಗೆ ಸಿಕ್ಕ ಬಣ್ಣವನ್ನು ಎಳೆದಿರುವ ಫ್ಲ್ಯಾಟುಗಳು ಬೇಕಾದಷ್ಟಿವೆ.

ಏಣಿ ಗಟ್ಟಿಯಾಗಿರಲಿ, ಮರದ್ದಾದರೆ ಒಳ್ಳೆಯದು, ಒಬ್ಬರು ಹಿಡಿದುಕೊಳ್ಳಲಿ. ಸೋಫಾ ಮೇಲೆ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಹತ್ತುವ ಸಾಹಸ ಬೇಡ.

ಪ್ಯಾನೆಲ್ ತೆಗೆಯುವಾಗ ಎಡವಟ್ಟಾಗುವುದು ಎರಡು ಕಡೆ. ಬಣ್ಣ ಬಳಿದಾಗ ಅಂಚಿಗೂ ಬಣ್ಣ ಹಿಡಿದಿದ್ದರೆ ಎಳೆದ ರಭಸಕ್ಕೆ ಪಿಒಪಿ ಚಕ್ಕೆ ಎದ್ದುಬರುತ್ತದೆ, ಹಾಗಾಗಿ ಮೊದಲು ಕಟರಿನಿಂದ ಅಂಚಿನ ಸುತ್ತ ಒಂದು ಗೆರೆ ಎಳೆದುಕೊಳ್ಳಿ. ಆಮೇಲೆ ಎರಡೂ ಕೈಯಿಂದ ಅಂಚು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಅಂಗುಲದಷ್ಟು ಇಳಿದಾಗ ಪಕ್ಕದಲ್ಲಿ ಸ್ಪ್ರಿಂಗ್ ಕ್ಲಿಪ್ ಕಾಣುತ್ತದೆ. ಅದನ್ನು ಬೆರಳಿನಿಂದ ಮೇಲ್ಮುಖವಾಗಿ ಒತ್ತಿ ಹಿಡಿದೇ ಹೊರಗೆ ತನ್ನಿ. ಸುಮ್ಮನೆ ಬಿಟ್ಟರೆ ಇಲಿಬೋನಿನ ಹಾಗೆ ಪಟ್ಟೆಂದು ಬೆರಳಿಗೆ ಬಡಿಯುತ್ತದೆ. ಪ್ಯಾನೆಲ್ ಕೆಳಗೆ ಬಂದ ಮೇಲೆ ಡ್ರೈವರಿಗೂ ಅದಕ್ಕೂ ನಡುವೆ ಒಂದು ಗಂಡು-ಹೆಣ್ಣು ಪಿನ್ ಇರುತ್ತದೆ, ಎಳೆದರೆ ಬೇರ್ಪಡುತ್ತದೆ.

ಈಗ ಯಾವುದು ಕೆಟ್ಟಿದೆ ಎಂದು ಪತ್ತೆ ಮಾಡಬೇಕು. ಒಂದೇ ಥರದ ಆರು ಲೈಟು ಇರುವುದು ನಿಮ್ಮ ಅದೃಷ್ಟ. ಪಕ್ಕದ, ಚೆನ್ನಾಗಿ ಉರಿಯುವ ಪ್ಯಾನೆಲ್ಲನ್ನೂ ಹೀಗೇ ಇಳಿಸಿ, ಕೆಟ್ಟ ಪ್ಯಾನೆಲ್ಲಿನ ಪಿನ್ನನ್ನು ಅದರ ಡ್ರೈವರಿಗೆ ಸಿಕ್ಕಿಸಿ, ಕೈ ತೆಗೆದು ದೂರ ನಿಂತ ಮೇಲೆ ಎಂಸಿಬಿ ಎತ್ತಿಸಿ. ಹತ್ತಿತೇ? ಹಾಗಾದರೆ ಹಳೆಯ ಡ್ರೈವರ್ ಹೋಗಿದೆ. ಹತ್ತದಿದ್ದರೆ ಪ್ಯಾನೆಲ್ಲೇ ಹೋಗಿದೆ. ಪಿನ್ ಸಿಕ್ಕಿಸುವುದು ಯಾವಾಗಲೂ ಕರೆಂಟ್ ಇಲ್ಲದಾಗಲೇ: ಲೋಡ್ ಇಲ್ಲದೆ ಚಾಲೂ ಇರುವ ಡ್ರೈವರಿನ ಔಟ್‌ಪುಟ್ ವೋಲ್ಟೇಜ್ ಏರಿ ನಿಂತಿರುತ್ತದೆ, ಆಗ ಪ್ಯಾನೆಲ್ ಜೋಡಿಸಿದರೆ ಒಮ್ಮೆಲೇ ನುಗ್ಗುವ ಕರೆಂಟಿಗೆ ಒಳ್ಳೆಯ ಎಲ್‌ಇಡಿಯೂ ಸುಟ್ಟುಹೋಗಬಹುದು. ಬರೀ ಮಲ್ಟಿಮೀಟರ್ ಹಿಡಿದು ತೀರ್ಪು ಕೊಡಬೇಡಿ. ಲೋಡ್ ಇಲ್ಲದಾಗ ಕೆಲವು ಡ್ರೈವರುಗಳು ಆಫ್-ಆನ್ ಆಗುತ್ತಲೇ ಇರುತ್ತವೆ, ಮೀಟರಿನ ಅಂಕಿ ಕುಣಿಯುತ್ತದೆ, ಅಷ್ಟಕ್ಕೇ ಅದು ಕೆಟ್ಟಿದೆ ಎಂದರ್ಥವಲ್ಲ.

ಡ್ರೈವರೇ ಹೋಗಿದ್ದರೆ ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ, ಹಳೆಯದನ್ನೇ ಒಯ್ಯಿರಿ. ‘12 ವ್ಯಾಟಿನ ಡ್ರೈವರ್ ಕೊಡಿ’ ಎಂದು ಕೇಳುವುದು ಅರೆಬರೆ ಮಾತು. ಲೇಬಲ್ಲಿನ ಔಟ್‌ಪುಟ್ ಸಾಲು ಓದಿ: 12 ವ್ಯಾಟಿನದರಲ್ಲಿ ಸಾಮಾನ್ಯವಾಗಿ ‘ಡಿಸಿ 24-42 ವೋಲ್ಟ್, 300 ಮಿಲಿಆಂಪಿಯರ್’ ಅಥವಾ ಅದರ ಆಸುಪಾಸಿನ ಅಂಕಿ ಇರುತ್ತದೆ. ಮಿಲಿಆಂಪಿಯರ್ ಅಷ್ಟೇ ಇರಬೇಕು. ತುಸು ಕಡಿಮೆಯಾದರೂ ನಡೆದೀತು, 300ರ ಜಾಗಕ್ಕೆ 280 ಹಾಕಿದರೆ ಬೆಳಕಿನಲ್ಲಿ ವ್ಯತ್ಯಾಸ ಕಾಣದು. ಹೆಚ್ಚು ಮಾತ್ರ ಆಗಕೂಡದು: 450ರದ್ದು ಹಾಕಿದರೆ ಮೊದಲ ದಿನ ಬೆಳಕು ಚೆನ್ನಾಗಿದೆ ಅನಿಸುತ್ತದೆ, ಆಮೇಲೆ ಎಲ್‌ಇಡಿಗಳು ಕಾದು ಒಂದೊಂದಾಗಿ ಕಪ್ಪಾಗುತ್ತವೆ. ವೋಲ್ಟೇಜಿನ ವ್ಯಾಪ್ತಿ ಹಳೆಯದನ್ನು ಒಳಗೊಂಡಿರಲಿ. ಸ್ಟ್ರಿಪ್ ಲೈಟಿಗೆ ಬಳಸುವ 12 ವೋಲ್ಟಿನ ಅಡಾಪ್ಟರ್ ಇಲ್ಲಿಗೆ ಆಗುವುದೇ ಇಲ್ಲ. ಸಿಗುವುದಾದರೆ ‘ಐಸೊಲೇಟೆಡ್’ ಎಂದು ಬರೆದಿರುವುದನ್ನು ತನ್ನಿ. ಅಗ್ಗದ ನಾನ್-ಐಸೊಲೇಟೆಡ್ ಡ್ರೈವರಿನಲ್ಲಿ ಪ್ಯಾನೆಲ್ ಕಡೆಯ ವಾಯರ್ ಮುಟ್ಟಿದರೂ ಶಾಕ್ ಹೊಡೆಯಬಹುದು. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಅದರೊಂದಿಗೆ ‘ಆರ್’ ಅಕ್ಷರದಿಂದ ಶುರುವಾಗುವ 8 ಅಂಕಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಮುಂಬಯಿಯಲ್ಲಾದರೆ ಲೋಹಾರ್ ಚಾಳ್, ಪುಣೆಯಲ್ಲಾದರೆ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಬಿಡಿ ಡ್ರೈವರ್ ಹುಡುಕುವುದು ಕಷ್ಟವಲ್ಲ. ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಆರೂ ಒಂದೇ ವಯಸ್ಸಿನವು, ಮುಂದಿನದು ಹೆಚ್ಚು ದೂರವಿರುವುದಿಲ್ಲ.

ಜೋಡಿಸುವಾಗ ವಾಯರ್ ತುದಿ 10-11 ಮಿಲಿಮೀಟರ್ ಸುಲಿದು ಲಿವರ್ ಇರುವ ಕನೆಕ್ಟರಿನಲ್ಲಿ ಹಾಕಿ, ಎಳೆದು ನೋಡಿ. ಬರೀ ಹೊಸೆದು ಟೇಪ್ ಸುತ್ತಿದ ಜಾಯಿಂಟು ಸೀಲಿಂಗಿನ ಬಿಸಿಗೆ ಅಂಟು ಬಿಟ್ಟು ಜಾರುತ್ತದೆ. ನೀವು ಬಿಚ್ಚಿದಾಗ ಕೈಗೆ ಅಂಟುವ ಆ ಕಪ್ಪು ಮೇಣ ಅದೇ. ಡ್ರೈವರನ್ನು ಪ್ಯಾನೆಲ್ಲಿನ ಬೆನ್ನ ಮೇಲೆ ಕೂರಿಸಬೇಡಿ, ರಂಧ್ರದಿಂದ ಗೇಣುದ್ದ ಪಕ್ಕಕ್ಕೆ ತಳ್ಳಿ. ಇಷ್ಟೊಂದು ಸಣ್ಣ ವಿಷಯಕ್ಕೇ ಎಷ್ಟೋ ಡ್ರೈವರುಗಳು ಅಕಾಲದಲ್ಲಿ ಹೋಗುತ್ತವೆ.

ಪ್ಯಾನೆಲ್ಲೇ ಹೋಗಿದ್ದರೆ? ಒಳಗೆ ಎಲ್‌ಇಡಿಗಳು ಸರಪಣಿಯಾಗಿ ಜೋಡಣೆಯಾಗಿರುತ್ತವೆ, ಒಂದು ತುಂಡಾದರೆ ಸಾಲೇ ಆರುತ್ತದೆ. ಸುಟ್ಟದ್ದರ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕಿ ಕಾಣುತ್ತದೆ. ಅದನ್ನು ಶಾರ್ಟ್ ಮಾಡಿ ಉಳಿದವನ್ನು ಉರಿಸುವ ಉಪಾಯ ಹೇಳುವವರಿದ್ದಾರೆ. ಕೆಲಸ ಮಾಡುತ್ತದೆ ನಿಜ, ಆದರೆ ಅಷ್ಟೇ ಕಾವು ತಿಂದ ಉಳಿದವೂ ಸರದಿಯಲ್ಲಿ ನಿಂತಿರುತ್ತವೆ, ಆ ಶ್ರಮ ದಂಡ. ಹೊಸ ಪ್ಯಾನೆಲ್ ತನ್ನಿ. ತರುವಾಗ ವ್ಯಾಟ್ ನೋಡಿ ಅಲ್ಲ, ರಂಧ್ರದ ಅಳತೆ ನೋಡಿ. 12 ವ್ಯಾಟಿನ ದುಂಡು ಪ್ಯಾನೆಲ್ಲಿಗೆ ಸುಮಾರು 155 ಮಿಲಿಮೀಟರ್ ರಂಧ್ರ ಬೇಕು, ಅಂಚಿನ ವ್ಯಾಸ ಸುಮಾರು 170. ಆದರೆ ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ರಂಧ್ರ ಚಿಕ್ಕದಾದರೆ ಪಿಒಪಿ ಕೆರೆಯಬಹುದು, ದೊಡ್ಡದಾದರೆ ಹೊಸ ಲೈಟಿನ ಸುತ್ತ ಕತ್ತಲೆಯ ಬಳೆ ಉಳಿಯುತ್ತದೆ.

ಪ್ರಶ್ನೆ: ರಾತ್ರಿ ಸ್ವಿಚ್ ಆಫ್ ಮಾಡಿದ ಮೇಲೂ ಬೆಡ್‌ರೂಮಿನ ಸೀಲಿಂಗ್ ಲೈಟ್ ಮಂಕಾಗಿ ಉರಿಯುತ್ತಿರುತ್ತದೆ, ಕೆಲವೊಮ್ಮೆ ಎರಡು-ಮೂರು ಸೆಕೆಂಡಿಗೊಮ್ಮೆ ಮಿಂಚುತ್ತದೆ. ಹೊಸ ಲೈಟ್ ಹಾಕಿದರೂ ಅದೇ ಕಥೆ. ಅಪಾಯವೇ?
ಓದುಗರು, ಚಿಂಚವಾಡ, ಪುಣೆ

ಉತ್ತರ: ಹೊಸದರಲ್ಲೂ ಅದೇ ಆದರೆ ದೋಷ ಲೈಟಿನದಲ್ಲ, ವಾಯರಿಂಗಿನದು. ಎಲ್ಲಿಂದಲೋ ಸೋರಿ ಬರುವ ಅತಿ ಚಿಕ್ಕ ಕರೆಂಟು ಡ್ರೈವರಿನ ಕೆಪಾಸಿಟರನ್ನು ನಿಧಾನವಾಗಿ ತುಂಬುತ್ತದೆ. ತುಂಬಿದಾಗ ಒಮ್ಮೆ ಮಿಂಚಿ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಹಳೆಯ ಬಲ್ಬಿಗೆ ಅಷ್ಟು ಕರೆಂಟು ಲೆಕ್ಕಕ್ಕೇ ಇರಲಿಲ್ಲ, ಆದ್ದರಿಂದ ಈ ತೊಂದರೆ ಆಗ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೊದಲು ಅನುಮಾನಿಸಬೇಕಾದ್ದು, ಸ್ವಿಚ್ ನ್ಯೂಟ್ರಲ್‌ಗೆ ಬಿದ್ದಿದೆಯೇ ಎಂದು. ಸ್ವಿಚ್ ಆಫ್ ಇಟ್ಟು ಲೈಟಿನ ಕನೆಕ್ಟರಿನಲ್ಲಿ ಟೆಸ್ಟರ್ ಹಿಡಿದಾಗ ಅದು ಜೋರಾಗಿ ಉರಿದರೆ ಉತ್ತರ ಸಿಕ್ಕಿತು. ಇದನ್ನು ಉದಾಸೀನ ಮಾಡಬೇಡಿ. ಲೈಟಿನ ಮಂಕು ಬೆಳಕಿನಿಂದ ಏನೂ ಆಗುವುದಿಲ್ಲ, ಆದರೆ ‘ಸ್ವಿಚ್ ಆಫ್ ಇದೆ’ ಎಂಬ ಧೈರ್ಯದಲ್ಲಿ ಕೈ ಹಾಕಿದವರಿಗೆ ಶಾಕ್ ತಪ್ಪಿದ್ದಲ್ಲ. ವಾಯರ್‌ಮನ್ ಕರೆಸಿ ಫೇಸನ್ನು ಸ್ವಿಚ್ಚಿಗೆ ಬರುವಂತೆ ಬದಲಿಸಿಕೊಳ್ಳಿ. ಟೆಸ್ಟರ್ ಉರಿಯದಿದ್ದರೆ ಅಥವಾ ಮಂಕಾಗಿ ಮಾತ್ರ ಹೊಳೆದರೆ, ಸ್ವಿಚ್ಚಿನಲ್ಲೇ ಕೆಂಪು ಇಂಡಿಕೇಟರ್ ಇದೆಯೇ, ರಿಮೋಟ್ ಅಥವಾ ಸ್ಮಾರ್ಟ್ ಮಾಡ್ಯೂಲ್ ಹಾಕಿಸಿದ್ದೀರಾ ನೋಡಿ. ಅವು ಲೈಟಿನ ಮೂಲಕವೇ ತಮ್ಮ ಚೂರು ಕರೆಂಟನ್ನು ಹರಿಸುತ್ತವೆ. ಮಂಚದ ಪಕ್ಕ ಒಂದು, ಬಾಗಿಲ ಬಳಿ ಒಂದು ಎಂದು ಟೂ-ವೇ ಸ್ವಿಚ್ ಇದ್ದರೆ ಉದ್ದಕ್ಕೂ ಒಟ್ಟಿಗೆ ಓಡುವ ವಾಯರುಗಳಿಂದಲೂ ಹೀಗಾಗುತ್ತದೆ. ಅದಕ್ಕೆ ಲೈಟಿನ ಫೇಸ್-ನ್ಯೂಟ್ರಲ್ ನಡುವೆ 0.1 ಮೈಕ್ರೊಫ್ಯಾರಡ್, 275 ವೋಲ್ಟ್ ಎಸಿಯ ‘ಎಕ್ಸ್2’ ದರ್ಜೆಯ ಕೆಪಾಸಿಟರ್ ಹಾಕಿಸಿದರೆ ನಿಲ್ಲುತ್ತದೆ. ಫ್ಯಾನಿನ ಕೆಪಾಸಿಟರ್ ಅಲ್ಲ, ಎಕ್ಸ್2 ಎಂದೇ ಬರೆದಿರಬೇಕು.

ಪ್ರಶ್ನೆ: ವಾಸ್ಕೋದಲ್ಲಿ ನಮ್ಮ ಮನೆಗೆ ಸಮುದ್ರದ ಗಾಳಿ ನೇರ ಬಡಿಯುತ್ತದೆ. ಪ್ರತಿ ಮಳೆಗಾಲ ಒಂದೆರಡು ಎಲ್‌ಇಡಿ ಹೋಗೇ ಹೋಗುತ್ತವೆ. ಒಳ್ಳೆಯ ಕಂಪನಿಯದ್ದೇ ಹಾಕಿದರೂ ಉಳಿಯುವುದಿಲ್ಲ. ಕಾರಣವೇನು?
ಓದುಗರು, ವಾಸ್ಕೋ, ಗೋವಾ

ಉತ್ತರ: ಮಳೆಗಾಲ ಒಂದು ಕಾರಣವಲ್ಲ, ಮೂರು ಕಾರಣಗಳ ಗಂಟು: ತೇವ, ಉಪ್ಪು, ವೋಲ್ಟೇಜಿನ ಏರಿಳಿತ. ಯಾವುದು ಎಂದು ಸತ್ತ ಲೈಟೇ ಹೇಳುತ್ತದೆ. ಪಿನ್ ಮತ್ತು ಕನೆಕ್ಟರಿನಲ್ಲಿ ಹಸಿರು ಕಿಲುಬು, ಸ್ಪ್ರಿಂಗಿನಲ್ಲಿ ತುಕ್ಕು ಇದ್ದರೆ ತೇವ ಮತ್ತು ಉಪ್ಪು. ಬಾಲ್ಕನಿ, ಸಿಟೌಟಿಗೆ ಐಪಿ65 (ಧೂಳು, ನೀರು ತಡೆಯುವ ದರ್ಜೆ) ಎಂದಿರುವ ಫಿಟ್ಟಿಂಗ್ ಹಾಕಿ, ವಾಯರ್ ಕೆಳಕ್ಕೆ ಸ್ವಲ್ಪ ಜೋತು ಮತ್ತೆ ಮೇಲೇರಿ ಒಳಹೋಗುವಂತೆ ಬಿಡಿ. ಆಗ ವಾಯರ್ ಹಿಡಿದು ಇಳಿಯುವ ನೀರು ಜೋತ ಜಾಗದಲ್ಲೇ ತೊಟ್ಟಿಕ್ಕುತ್ತದೆ. ಸ್ಲ್ಯಾಬ್ ಸೋರಿ ಲೈಟಿನ ಗಾಜಿನೊಳಗೆ ಹನಿ ಕಂಡರೆ ಸ್ವಿಚ್ ಮುಟ್ಟಬೇಡಿ, ಎಂಸಿಬಿ ಇಳಿಸಿ. ಸೋರಿಕೆ ನಿಲ್ಲಿಸದೆ ಹೊಸ ಲೈಟ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ.

ಕಿಲುಬು ಇಲ್ಲದೆ ಡ್ರೈವರ್ ಮಾತ್ರ ಸುಟ್ಟ ವಾಸನೆ ಬರುತ್ತಿದ್ದರೆ ವೋಲ್ಟೇಜ್ ಕಡೆ ನೋಡಬೇಕು. ಸಂಜೆ, ನಡುರಾತ್ರಿ, ಕರೆಂಟ್ ಹೋಗಿ ಬಂದ ಹೊತ್ತು, ಹೀಗೆ ಬೇರೆ ಬೇರೆ ವೇಳೆಯಲ್ಲಿ ಪ್ಲಗ್ಗಿನಲ್ಲಿ ಮೀಟರ್ ಇಟ್ಟು ಅಳೆದು ಬರೆದಿಡಿ. 230ಕ್ಕೆ ಶೇಕಡಾ 10 ಹೆಚ್ಚು, ಅಂದರೆ 253 ವೋಲ್ಟ್ ದಾಟುತ್ತಿದ್ದರೆ ಆ ಚೀಟಿಯೊಂದಿಗೆ ಗೋವಾ ವಿದ್ಯುತ್ ಇಲಾಖೆಯ ಸ್ಥಳೀಯ ಕಚೇರಿಗೆ ದೂರು ಕೊಡಿ. ಮೂರು ಫೇಸ್ ಇರುವ ಮನೆಯಲ್ಲಿ ಒಂದು ಕೋಣೆಯ ದೀಪ ಕಣ್ಣು ಕೋರೈಸುವಷ್ಟು ಉರಿದು ಇನ್ನೊಂದರಲ್ಲಿ ಮಂಕಾದರೆ ಅಳೆಯುತ್ತಾ ಕೂರಬೇಡಿ. ಅದು ನ್ಯೂಟ್ರಲ್ ಕಡಿದ ಲಕ್ಷಣ. ಹಗುರ ಲೋಡಿನ ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಹೋಗಬಹುದು, ಲೈಟಿನ ಜೊತೆ ಫ್ರಿಜ್, ಟಿವಿ ಎಲ್ಲ ಹೋಗುತ್ತವೆ. ತಕ್ಷಣ ಮೇನ್ ಇಳಿಸಿ, ಆಮೇಲೆ ಫೋನ್ ಮಾಡಿ.

ಸಿಡಿಲಿನ ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ವೋಲ್ಟೇಜ್ ತಡೆಯಲು ಡಿಬಿಯಲ್ಲಿ ಟೈಪ್-2 ಎಸ್‌ಪಿಡಿ ಎಂಬ ಸಾಧನ ಹಾಕಿಸಬಹುದು. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದು ಅಲಂಕಾರಕ್ಕಷ್ಟೇ. ಡ್ರೈವರ್ ಕೊಳ್ಳುವಾಗ ‘440 ವೋಲ್ಟ್ ರಕ್ಷಣೆ’ ಇರುವುದನ್ನು ಆರಿಸಿ. ನಿಮ್ಮಂಥ ಊರಿಗೆ ಹೆಚ್ಚಿಗೆ ಕೊಟ್ಟ ಆ ದುಡ್ಡು ಸಾರ್ಥಕ.

ಪ್ರಶ್ನೆ: ಬದಲಿಸಿದ ಒಂದು ಲೈಟ್ ಮಾತ್ರ ಬೆಳ್ಳಗೆ, ಉಳಿದವು ಹಳದಿ. ಎರಡೂ ‘ಕೂಲ್ ಡೇಲೈಟ್’ ಅಂತಲೇ ಇದೆ. ಏಕೆ?
ಓದುಗರು, ಮುಲುಂಡ್, ಮುಂಬಯಿ

ಉತ್ತರ: ಡಬ್ಬಿಯ ಮೇಲಿನ ಹೆಸರು ಬಿಟ್ಟು ಕೆಲ್ವಿನ್ ಅಂಕಿ ನೋಡಿ. 3000 ಹಳದಿ, 4000 ನಡುವಿನದು, 6500 ಬಿಳಿ. ಎರಡರಲ್ಲೂ 6500 ಇದ್ದರೆ ಹಳೆಯ ಪ್ಯಾನೆಲ್ಲಿನ ಪ್ಲಾಸ್ಟಿಕ್ ಮುಚ್ಚಳವೇ ವರ್ಷಗಳ ಕಾವಿಗೆ ಹಳದಿಗಟ್ಟಿದೆ, ಒರೆಸಿದರೆ ಹೋಗದು. ಹೊಸದನ್ನು ಹಾಲ್‌ನ ನಡುವಿನಿಂದ ತೆಗೆದು ಮೂಲೆಗೆ ಹಾಕಿ, ಮೂಲೆಯ ಹಳೆಯದನ್ನು ನಡುವಿಗೆ ತನ್ನಿ. ಹತ್ತು ನಿಮಿಷದ ಕೆಲಸ, ವ್ಯತ್ಯಾಸ ಕಣ್ಣಿಗೆ ಚುಚ್ಚುವುದಿಲ್ಲ.