ಹುಳುಕಡ್ಡಿ ಮಣ್ಣಿಂದ ಬಂತಾ, ಕೊಟ್ಟಿಗೆಯಿಂದ ಬಂತಾ: ರಿಪೋರ್ಟಿನ ಹೆಸರು ಓದೋದು ಹೇಗೆ

ಹೊಸನಗರದ ಅಣ್ಣ ಕೇಳಿದ್ದು: ತೋಟದ ಕೆಲಸದವರ ಮುಂಗೈಗೆ ಹುಳುಕಡ್ಡಿ ಆಗಿದೆ, ಹಳೇ ರಿಪೋರ್ಟಲ್ಲಿ ‘ಮೈಕ್ರೋಸ್ಪೋರಮ್ ಜಿಪ್ಸಿಯಮ್’, ಹೊಸದರಲ್ಲಿ ‘ನ್ಯಾನಿಜಿಯಾ ಜಿಪ್ಸಿಯಾ’ ಅಂತಿದೆ. ಎರಡು ಬೇರೆ ಕಾಯಿಲೆಯಾ? ಮಣ್ಣಿಗೆ ಬೋರ್ಡೋ ಹೊಡೀಬೇಕಾ?

ಎರಡೂ ಒಂದೇ ಅಣ್ಣಾ, ಹುಳುಕಡ್ಡಿ ತರುವ ಒಂದೇ ಶಿಲೀಂಧ್ರದ (ಬೂಷ್ಟಿನ) ಹಳೇ ಹೆಸರು, ಹೊಸ ಹೆಸರು. ಮೊದಲು ಬೂಷ್ಟಿನ ಬಣ್ಣ, ಬೀಜಕಣದ ಆಕಾರ ನೋಡಿ ಹೆಸರಿಡ್ತಿದ್ದರು. 2017ರಲ್ಲಿ ಶಿಲೀಂಧ್ರ ವಿಜ್ಞಾನಿ ಡಿ ಹೂಗ್ ಮತ್ತು ಸಂಗಡಿಗರು ಐಟಿಎಸ್, ಬೀಟಾ ಟ್ಯೂಬ್ಯುಲಿನ್ ಮುಂತಾದ ಡಿಎನ್‌ಎ ತುಣುಕು ಹೋಲಿಸಿ ಗುಂಪುಗಳನ್ನು ಮತ್ತೆ ಜೋಡಿಸಿದರು. ಆಗ ಜಿಪ್ಸಿಯಮ್ ನ್ಯಾನಿಜಿಯಾ ಗುಂಪಿಗೆ ಹೋಯ್ತು, ಮಣ್ಣಿನ ಟ್ರೈಕೋಫೈಟಾನ್ ಅಜೆಲ್ಲೋಯಿ ಆರ್ತ್ರೋಡರ್ಮಾ ಗುಂಪಿಗೆ ಹೋಯ್ತು. ಟ್ರೈಕೋಫೈಟಾನ್‌ನಲ್ಲಿ ಉಳಿದದ್ದು ಹೆಚ್ಚಾಗಿ ಮನುಷ್ಯ, ಪ್ರಾಣಿಗಳ ಮೇಲೆ ಬದುಕುವಂಥವು. ಅದಕ್ಕೇ ಹೆಸರು ನೋಡಿದರೆ ರೋಗದ ಮೂಲ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ.

ನ್ಯಾನಿಜಿಯಾ ಜಿಪ್ಸಿಯಾ ಬಂದರೆ ಮಣ್ಣು: ಕೂದಲು, ಗರಿ, ಕೊಂಬಿನ ಚೂರು ಬೀಳುವ ಕೋಳಿಗೂಡು, ಕೊಟ್ಟಿಗೆ ಸುತ್ತಲ ಜಾಗ. ಬೋರ್ಡೋ ಬೇಡವೇ ಬೇಡ, ಅದು ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಔಷಧಿ. ಮಣ್ಣಿಂದ ಮತ್ತೆ ಹತ್ತದಂತೆ ಕೈಗವಸು, ಕೆಲಸ ಮುಗಿದ ಮೇಲೆ ಸೋಪಿನ ತೊಳೆತ, ಗಾಯಕ್ಕೆ ಪಟ್ಟಿ, ಇಷ್ಟು ಸಾಕು. ಟ್ರೈಕೋಫೈಟಾನ್ ವೆರುಕೋಸಮ್ ಬಂದರೆ ಕರುಗಳ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಬೂದಿಬಣ್ಣದ ದಪ್ಪ ಹಕ್ಕಳೆ ಇದೆಯಾ ನೋಡಿ, ಪಶುವೈದ್ಯರಿಗೆ ತೋರಿಸಿ. ಟ್ರೈಕೋಫೈಟಾನ್ ಇಂಡೋಟಿನಿಯೇ ಬಂದರೆ ಮಣ್ಣನ್ನು ಬಿಡಿ, ಅದು ಮನುಷ್ಯರಿಂದ ಮನುಷ್ಯರಿಗೆ. ಮನೆಯವರನ್ನೆಲ್ಲ ಪರೀಕ್ಷಿಸಿ, ಟವೆಲ್ ಬೇರೆ ಮಾಡಿ. ಟರ್ಬಿನಾಫಿನ್ ಎಂಬ ಶಿಲೀಂಧ್ರ ಔಷಧಿಗೆ ಹಲವು ಸಲ ಬಗ್ಗದು, ಅದಕ್ಕೆ ಆ ಔಷಧಿ ಗುರಿಯಿಡುವ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವದ ಜೀನಿನ ರೂಪಾಂತರ ಕಾರಣ. ಈ ಇಂಡೋಟಿನಿಯೇ, ಟ್ರೈಕೋಫೈಟಾನ್ ಮೆಂಟಾಗ್ರೊಫೈಟಿಸ್ ಎಂಬ ಇನ್ನೊಂದು ಜಾತಿಗೆ ತೀರಾ ಹತ್ತಿರದ್ದು. ಸೂಕ್ಷ್ಮದರ್ಶಕದಲ್ಲಿ ಬೇರೆ ಮಾಡೋಕೆ ಆಗಲ್ಲ, ಐಟಿಎಸ್ ಸೀಕ್ವೆನ್ಸ್ (ಆ ಡಿಎನ್‌ಎ ತುಣುಕಿನ ಅಕ್ಷರಸಾಲು) ಬೇಕೇ ಬೇಕು.

ಮಾದರಿ ಕೊಡುವ ಮುಂಚೆ ಒಂದೆರಡು ವಾರ ಮುಲಾಮು ನಿಲ್ಲಿಸಬೇಕು, ಅದೂ ಡಾಕ್ಟರಿಗೆ ಹೇಳಿಯೇ. ಅಂಚಿನ ಕೆಂಪು ಭಾಗವನ್ನು ಸ್ಪಿರಿಟಿನಲ್ಲಿ ಒರೆಸಿ, ಒಣಗಿದ ಮೇಲೆ ಮೊಂಡು ಬ್ಲೇಡಿನಿಂದ ಹೊಟ್ಟು ಕೆರೆದು ಮಡಿಚಿದ ಕಪ್ಪು ಕಾಗದಕ್ಕೆ ಹಾಕ್ತಾರೆ. ನಡುಭಾಗ ಕೆರೆದರೆ ಹಲವು ಸಲ ಏನೂ ಬೆಳೆಯಲ್ಲ, ಶಿಲೀಂಧ್ರ ಹೆಚ್ಚಾಗಿ ಇರೋದು ಅಂಚಲ್ಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಸಿ ಉಳಿದರೆ ಬ್ಯಾಕ್ಟೀರಿಯಾ ಹತ್ತುತ್ತೆ. ಮೆಡಿಕಲ್ ಅಂಗಡಿಯ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದ್ದರೆ ಉಂಗುರವೇ ಮಾಯವಾಗಿ ರೋಗ ಹರಡುತ್ತೆ, ಆ ವಿಷಯ ಬಚ್ಚಿಡಬೇಡಿ.

ಮಣ್ಣನ್ನೇ ಪರೀಕ್ಷಿಸಬೇಕು ಅಂದರೆ ಕಾಲೇಜು ಲ್ಯಾಬಲ್ಲಿ ಮಾಡಿಸಿ, ಮನೆಯಲ್ಲಿ ಬೇಡ. ಮೇಲ್ಮಣ್ಣು 2-3 ಸೆಂ.ಮೀ. ಆಳದಿಂದ ತೆಗೆದು ಪೆಟ್ರಿ ತಟ್ಟೆಯಲ್ಲಿ ಅರ್ಧ ತುಂಬಿ, ಸೋಂಕುರಹಿತ ನೀರಿನಲ್ಲಿ ತೇವ ಮಾಡಿ, ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಸೋಂಕು ಕಳೆದ) ಕುದುರೆ ಕೂದಲ ತುಣುಕು ಉದುರಿಸಿ, 25-28 ಡಿಗ್ರಿಯಲ್ಲಿ 4-6 ವಾರ ಇಡ್ತಾರೆ. ಇದು ವ್ಯಾನ್‌ಬ್ರೂಸೆಗೆಮ್ ಎಂಬ ವಿಜ್ಞಾನಿ 1952ರಲ್ಲಿ ತಿಳಿಸಿದ ವಿಧಾನ. ನೀರು ಹೆಚ್ಚಾದರೆ ಬೇರೆ ಬೂಷ್ಟು, ಮೈಟ್ (ಸಣ್ಣ ನುಸಿ) ನುಗ್ಗುತ್ತವೆ. ಬೆಳೆದದ್ದನ್ನು ಬೇರೆ ಬೂಷ್ಟು ತಡೆಯುವ ಸೈಕ್ಲೋಹೆಕ್ಸಿಮೈಡ್, ಬ್ಯಾಕ್ಟೀರಿಯಾ ತಡೆಯುವ ಕ್ಲೋರಾಂಫೆನಿಕಾಲ್ ಇರುವ ಸಾಬುರೋ ಅಗರ್‌ಗೆ (ಶಿಲೀಂಧ್ರ ಬೆಳೆಸುವ ಮಾಧ್ಯಮ) ಏರಿಸಿ, ಒಂದೇ ಕಾಲೊನಿಯಿಂದ ಡಿಎನ್‌ಎ ತೆಗೆಯಬೇಕು. ಎರಡು ಬೆರೆತರೆ ಸೀಕ್ವೆನ್ಸಿನ ಗ್ರಾಫಿನಲ್ಲಿ ಶಿಖರದ ಮೇಲೆ ಶಿಖರ ಕೂತು ಓದಲಾಗಲ್ಲ. ಸೀಕ್ವೆನ್ಸ್ ಹೋಲಿಸುವ ದತ್ತಾಂಶ ಭಂಡಾರಗಳಲ್ಲಿ ಹಳೇ ಹೆಸರುಗಳು ಇನ್ನೂ ಇವೆ, ಹಾಗಾಗಿ ಮೊದಲ ಹೊಂದಿಕೆಯನ್ನೇ ನಂಬದೆ ಟೈಪ್ ಸ್ಟ್ರೈನ್ (ಆ ಹೆಸರಿಗೆ ಮಾದರಿಯಾಗಿ ಇಟ್ಟ ಮೂಲ ತಳಿ) ಜೊತೆ ಹೋಲಿಸಿ ಅಂತ ಕೇಳಿ.

ಕೈಯಲ್ಲೂ ಮಣ್ಣಲ್ಲೂ ಒಂದೇ ಹೆಸರು ಬಂದರೂ ‘ಇಲ್ಲಿಂದಲೇ ಬಂತು’ ಅಂತ ತೀರ್ಮಾನ ಮಾಡಬೇಡಿ, ಜಿಪ್ಸಿಯಾ ಬಹಳ ಮಣ್ಣುಗಳಲ್ಲಿ ಇರುವಂಥದ್ದೇ.