ಗುಂಡ್ಯಾ ಬಾಗಿಲಲ್ಲೇ ಯಾಕೆ ಉಚ್ಚೆ ಹೊಯ್ಯುತ್ತಿದ್ದ?

ಬಾಗಲಕೋಟೆಯಲ್ಲಿ ನನ್ನದು ಕುಟುಂಬ ಆಪ್ತಸಲಹೆಯ ಕೆಲಸ. ಗಂಡ ಹೆಂಡತಿ ಜಗಳ, ಮಕ್ಕಳ ಪರೀಕ್ಷೆ ಭಯ, ಕುಡಿತ, ಇವೇ ಜಾಸ್ತಿ. ನಾಯಿ ನನ್ನ ವಿಷಯ ಅಲ್ಲವೇ ಅಲ್ಲ. ಆದರೂ ಎರಡು ವರ್ಷದಲ್ಲಿ ಇದು ನಾಲ್ಕನೇ ಮನೆ. ಬರೋದು ಬೇರೆ ಯಾವುದಕ್ಕೋ, ಮಾತಾಡ್ತಾ ಮಾತಾಡ್ತಾ ನಾಯಿಮರಿಯೊಂದು ಹೊರಗೆ ಬರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆದಿದ್ದೇನೆ.

ಆಕೆ ಹೈಸ್ಕೂಲ್ ಟೀಚರ್. ಮನೆ ನವನಗರದಲ್ಲಿ. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹತ್ತು ವರ್ಷದ ಮಗ ಒಬ್ಬ. ಅವನ ಹಟಕ್ಕೆ ಮುಧೋಳ ಕಡೆಯ ಹಳ್ಳಿಯಿಂದ ಒಂದು ಮರಿ ತಂದರು. ತಂದಾಗ ಅದಕ್ಕೆ ಬರೀ 35 ದಿನ. ಹುಡುಗ ಗುಂಡ್ಯಾ ಅಂತ ಹೆಸರಿಟ್ಟ. ಮುಧೋಳ ನಾಯಿ ನೋಡಿದವರಿಗೆ ಗೊತ್ತು, ಅದರ ಪಕ್ಕೆಲುಬು ಎಣಿಸಬಹುದು. ಗುಂಡಗೆ ಇರೋದು ಕಣ್ಣು ಮಾತ್ರ.

ಮೊದಲ ದಿನ ಆಕೆ ಅತ್ತದ್ದೇ ಜಾಸ್ತಿ. "ಮೂರು ತಿಂಗಳ ಕುನ್ನೀಗೆ ಕಸಬರಿಗಿ ಮುರಿಯೂ ಹಂಗ ಹೊಡದೆನ್ರಿ ಮೇಡಂ. ಕೈ ನಿಲ್ಲಲೇ ಇಲ್ಲ. ನಾ ಅಷ್ಟು ಕೆಟ್ಟಾಕಿ ಏನ್ರಿ?"

ಇಂಥ ಪ್ರಶ್ನೆಗೆ ನಾನು ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಮೊದಲು ಮರಿಯನ್ನು ಪಶು ಆಸ್ಪತ್ರೆಗೆ ತೋರಿಸಿಕೊಂಡು ಬನ್ನಿ ಅಂದೆ. ಪದೇ ಪದೇ ಉಚ್ಚೆ ಹೊಯ್ಯುವ ಮರಿಗೆ ಸೋಂಕು ಇರಬಹುದು. ಅದನ್ನು ನೋಡದೆ ನಾನು ಬುದ್ಧಿ ಹೇಳೋದು ತಪ್ಪು. ಸೋಂಕು ಇರಲಿಲ್ಲ. ಹೇಗೂ ಮೂರು ತಿಂಗಳಾಗಿತ್ತು, ರೇಬಿಸ್ ಲಸಿಕೆಯನ್ನೂ ಅಲ್ಲೇ ಹಾಕಿಸಿಕೊಂಡು ಬಂದರು. ಜೊತೆಗೆ ಒಂದು ವಾರದ ಲೆಕ್ಕ ಬರೆದು ತನ್ನಿ ಅಂತಲೂ ಹೇಳಿದ್ದೆ. ಮನೆಯೊಳಗೆ ಎಲ್ಲಿ ಒದ್ದೆ ಮಾಡಿತು, ಎಷ್ಟು ಗಂಟೆಗೆ, ಆಗ ಎದುರಿಗೆ ಯಾರಿದ್ದರು.

ಎರಡನೇ ಸಲ ಬಂದಾಗ ಆಕೆ ಅಳಲಿಲ್ಲ. ಮರಿಯ ಮೇಲೆ ದೂರು ಹೊತ್ತು ತಂದಿದ್ದರು. "ಬೇಕಂತನ ಮಾಡ್ತೈತ್ರಿ. ನಾ ಸಾಲಿಯಿಂದ ಬಂದ ಕೂಡಲೇ, ನನ್ನ ಕಾಲ ಮುಂದ, ನನ್ನ ನೋಡಿಕೋಂತ! ತಪ್ಪು ಅಂತ ಅದಕ್ಕ ಗೊತ್ತೈತ್ರಿ. ಬೈದ್ರ ಮಾರಿ ಕೆಳಗ ಹಾಕ್ತೈತಿ, ಬಾಲ ಮುದುರ್ತೈತಿ."

ನಾಯಿ ಸಾಕಿದವರೆಲ್ಲ ಈ ಮಾತು ಹೇಳುತ್ತಾರೆ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ತಿಂಡಿ ಮುಟ್ಟಬೇಡ ಅಂತ ನಾಯಿಗೆ ಹೇಳಿ ಯಜಮಾನರು ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿದೆ ಅಂತ ಸಂಶೋಧಕಿ ಅವರಿಗೆ ಹೇಳುತ್ತಿದ್ದರು, ಕೆಲವು ಸಲ ಅದು ಸುಳ್ಳು. ಯಜಮಾನರು ನಂಬಿ ಬೈಯುತ್ತಿದ್ದರು. ನಾಯಿ ತಪ್ಪಿತಸ್ಥನ ಮುಖ ಮಾಡಿದ್ದು ತಿಂದಿದ್ದಕ್ಕಲ್ಲ, ಬೈಗುಳಕ್ಕೆ. ತಿನ್ನದೇ ಬೈಸಿಕೊಂಡ ನಾಯಿಗಳಲ್ಲೇ ಆ ಮುಖ ಇನ್ನೂ ಹೆಚ್ಚು ಕಂಡಿತು. ಇದನ್ನು ಟೀಚರಿಗೆ ಹೇಳಿದೆ. "ಪುಸ್ತಕದಾಗ ಇರ್ತೈತ್ರಿ ಅದು" ಅಂದರು. ಸರಿ, ಅವರ ಪುಸ್ತಕವನ್ನೇ ಕೇಳಿದೆ.

ಅವರು ಬರೆದ ಲೆಕ್ಕ ಇನ್ನೂ ಕಣ್ಣ ಮುಂದಿದೆ. ನೋಟ್‌ಬುಕ್ ಹಾಳೆ, ಕೆಂಪು ಪೆನ್ನಲ್ಲಿ ಗೆರೆ, ಸ್ಕೇಲ್ ಇಟ್ಟು ಹಾಕಿದ್ದು. ನಿದ್ದೆಯಿಂದ ಎದ್ದ ಮೇಲೆ, ಊಟ ಆದ ಮೇಲೆ, ಆಡಿ ದಣಿದ ಮೇಲೆ ಅಲ್ಲಲ್ಲಿ ಉಚ್ಚೆ. ಅದು ಎಲ್ಲ ಮರಿಗಳ ಕಥೆ. ಆದರೆ ಸೋಮವಾರದಿಂದ ಶನಿವಾರದವರೆಗೆ ಒಂದು ಸಾಲು ತಪ್ಪದೆ ಇತ್ತು. ಬಾಗಿಲು, ಆಕೆ ಬರುವ ಹೊತ್ತು, ಎದುರಿಗೆ "ನಾನು".

"ಭಾನುವಾರ ಬಾಗಿಲ ಹತ್ತಿರ ಒಂದೂ ಇಲ್ಲವಲ್ಲ ಟೀಚರ್?"

"ಭಾನುವಾರ ನಾ ಎಲ್ಲೂ ಹೋಗಂಗಿಲ್ಲಲ್ರಿ" ಅಂದರು. ಅಂದವರು ಅಲ್ಲೇ ಮಾತು ನಿಲ್ಲಿಸಿದರು.

ಮನೆಗೆ ಹೇಗೆ ಬರ್ತೀರಿ, ಒಮ್ಮೆ ತೋರಿಸಿ ಅಂದೆ. ನಾಚಿಕೊಂಡರು. ಆಮೇಲೆ ಎದ್ದು ಕೋಣೆಯಿಂದ ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ಬಾಗಿಲು ತಳ್ಳಿ ಒಳಗೆ ಬಂದರು. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಕಣ್ಣು ನೇರ ನೆಲಕ್ಕೆ ಹೋಯಿತು, ಈ ಮೂಲೆ, ಆ ಮೂಲೆ. ಆಮೇಲೆ ಸೊಂಟ ಬಗ್ಗಿಸಿ, ಬೆರಳು ಎತ್ತಿ, "ಏನ್ ಮಾಡಿ ಇವತ್ತ?" ಅಂದರು. ನಾನು ಕುರ್ಚಿಯಲ್ಲಿ ಕೂತಿದ್ದೆ. ನನಗೇ ಗೊತ್ತಿಲ್ಲದ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡೆ. ಅದನ್ನು ಅವರು ನೋಡಿದರು.

ಮರಿಗಳು ಹೆದರಿದಾಗ, ಇಲ್ಲವೇ "ನಾನು ಸಣ್ಣವನು, ಬಿಟ್ಟುಬಿಡಿ" ಅಂತ ಹೇಳಬೇಕಾದಾಗ ಹೀಗೆ ಒಂದಿಷ್ಟು ಉಚ್ಚೆ ಬಿಡುತ್ತವೆ. ಅದು ಸೇಡಲ್ಲ. ಅವುಗಳ ಕೈಯಲ್ಲಿ ಹಿಡಿದಿಟ್ಟುಕೊಳ್ಳೋಕೂ ಆಗಲ್ಲ. ಬೈದರೆ ಹೆದರಿಕೆ ಹೆಚ್ಚುತ್ತದೆ, ಹೆದರಿಕೆ ಹೆಚ್ಚಿದರೆ ಉಚ್ಚೆಯೂ ಹೆಚ್ಚುತ್ತದೆ. ಪಶುವೈದ್ಯರು ಇದನ್ನೇ ಹೇಳಿ ಕಳಿಸಿದ್ದರಂತೆ, ಆಗ ಆಕೆಗೆ ಒಪ್ಪಿಗೆ ಆಗಿರಲಿಲ್ಲ.

"ಅಂದ್ರ ಅದು ನನಗ ಹೆದರತೈತೇನ್ರಿ?" ಅಂತ ಕೇಳಿದರು. ನಾನು ಸುಮ್ನಿದ್ದೆ. ಫ್ಯಾನ್ ಸಪ್ಪಳ ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಾಳೆ ಮಡಚುತ್ತಾ, ನನ್ನ ಕಡೆ ನೋಡದೇ ಅಂದರು: "ನನ್ನ ಮಗಾನೂ ನಾ ಬಂದ ಕೂಡಲೇ ಪುಸ್ತಕ ತಗೀತಾನ್ರಿ. ಯಾವ ಪುಸ್ತಕ ಅಂತ ಸೈತ ನೋಡಂಗಿಲ್ಲ."

ಇಲ್ಲಿ ನಾನು ಮಾಡಿದ್ದು ಕೆಲವರಿಗೆ ಸರಿ ಕಾಣಲಿಲ್ಲ. ಆ ಮಾತನ್ನು ನಾನು ಹಿಡಿಯಲಿಲ್ಲ. ಮಗನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಯಿಮರಿಗೆ ಏನು ಮಾಡಬೇಕು ಅನ್ನೋದನ್ನಷ್ಟೇ ಹೇಳಿ ಕಳಿಸಿದೆ. ಜೊತೆಯ ಸಲಹೆಗಾರರೊಬ್ಬರು ನಕ್ಕರು, "ಮೂಲ ಸಮಸ್ಯೆ ಕೈಗೆ ಬಂದಿತ್ತು, ನೀವು ನಾಯಿ ಡಾಕ್ಟರ್ ಆಗಿಬಿಟ್ಟಿರಿ" ಅಂತ. ಇರಲಿ. ನನ್ನ ಲೆಕ್ಕವೇ ಬೇರೆ. ಆಕೆ ಮೊದಲ ದಿನವೇ ತನ್ನನ್ನು ಕೆಟ್ಟವಳು ಅಂತ ತೀರ್ಮಾನಿಸಿಕೊಂಡು ಬಂದಿದ್ದರು. ಅವರ ಮೇಲೆ ಇನ್ನೊಂದು ಅಪರಾಧ ಹೊರಿಸಿ ಕಳಿಸಿದ್ದರೆ ಅವತ್ತು ಸಂಜೆ ಮನೆಯಲ್ಲಿ ಮತ್ತೆ ಅಳು, ಮತ್ತೆ ಸಿಟ್ಟು. ಗೊತ್ತಾಗಬೇಕಾದದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ಬೇಕಾಗಿದ್ದದ್ದು ರೂಢಿ. ಅದಕ್ಕೆ ಮರಿಯೇ ವಾಸಿ. ನೀವು ಬದಲಾದರೆ ಮರಿ ವಾರದಲ್ಲೇ ತೋರಿಸುತ್ತದೆ. ಹತ್ತು ವರ್ಷದ ಹುಡುಗ ಹಾಗಲ್ಲ, ಅಮ್ಮ ನಿಜವಾಗಿ ಬದಲಾದಳಾ ಅಂತ ತಿಂಗಳುಗಟ್ಟಲೆ ಕಾದು ನೋಡುತ್ತಾನೆ.

ಹೇಳಿದ್ದು ಇಷ್ಟು. ಮನೆಗೆ ಬಂದಾಗ ಮರಿಯನ್ನು ನೋಡಬೇಡಿ, ಮಾತಾಡಿಸಬೇಡಿ, ಬಗ್ಗಬೇಡಿ. ಸುಮ್ನೆ ದಾಟಿ ಹೋಗಿ ಬ್ಯಾಗು ಇಡಿ, ನೀರು ಕುಡೀರಿ. ಆಮೇಲೆ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಅದೇ ಬರಲಿ. ಬಂದರೆ ತಲೆ ಮೇಲೆ ಕೈ ಇಡಬೇಡಿ, ಎದೆ ಹತ್ತಿರ ಸವರಿ. ಒದ್ದೆ ಮಾಡಿದ್ದರೆ ಮುಖ ಗಂಟು ಹಾಕದೇ ಒರೆಸಿ. ಮೂಗು ಅದ್ದಿ ತಿಕ್ಕೋದು ನಮ್ಮ ಕಡೆ ಇನ್ನೂ ನಡೀತದೆ. ಅದರಿಂದ ಮರಿ ಕಲಿಯೋದು ಒಂದೇ, ಉಚ್ಚೆ ಹೊಯ್ಯುವಾಗ ಮನುಷ್ಯರ ಕಣ್ಣಿಗೆ ಬೀಳಬಾರದು ಅಂತ. ಆಮೇಲೆ ಮಂಚದ ಕೆಳಗೆ, ಕಪಾಟಿನ ಹಿಂದೆ ಶುರುವಾಗುತ್ತದೆ.

ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಒಯ್ಯಿರಿ. ಉಳಿದ ಹೊತ್ತಲ್ಲಿ ಎರಡು ತಾಸಿಗೊಮ್ಮೆ. ಹೊರಗೆ ಮಾಡಿದ ಆ ಕ್ಷಣದಲ್ಲೇ ಶಾಬಾಸ್ ಅಂದು ಒಂದು ಚೂರು ರೊಟ್ಟಿ ಕೊಡಿ. ಒಳಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಿರಿ ಅಂತ ಅದು ತಿಳಿಯುತ್ತದೆ. ರೊಟ್ಟಿ, ಗಜ್ಜರಿ ಏನಾದರೂ ನಡೆಯುತ್ತದೆ, ಒಣದ್ರಾಕ್ಷಿ ಮಾತ್ರ ಬೇಡ. ನಮ್ಮ ಜಿಲ್ಲೆಗಳಲ್ಲಿ ಅದು ಡಬ್ಬಿಗಟ್ಟಲೆ ಮನೆಯಲ್ಲಿರುತ್ತದೆ, ಮಕ್ಕಳು ಪ್ರೀತಿಯಿಂದ ಕೊಟ್ಟುಬಿಡುತ್ತಾರೆ. ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಇನ್ನೊಂದು ದೂರು ಕಚ್ಚೋದು. ಮೂರೂವರೆ ತಿಂಗಳ ಹೊತ್ತಿಗೆ ಹಾಲುಹಲ್ಲು ಬೀಳೋಕೆ ಶುರುವಾಗುತ್ತದೆ, ಒಸಡು ತುರಿಸುತ್ತದೆ. ಹಳೇ ಬಟ್ಟೆ ಒದ್ದೆ ಮಾಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ಕೈ ಕಚ್ಚಿದರೆ ಆಟ ನಿಲ್ಲಿಸಿ ಎದ್ದು ನಿಲ್ಲಿ, ಅಷ್ಟೇ. ಗುಂಡ್ಯಾ ಇನ್ನೂ ಜಾಸ್ತಿ ಕಚ್ಚೋಕೆ ಒಂದು ಕಾರಣ ಇತ್ತು. ಮರಿ ಕನಿಷ್ಠ ಎಂಟು ವಾರ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಇರಬೇಕು. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನೋದನ್ನು ಅಲ್ಲೇ ಕಲಿಯುತ್ತದೆ. 35 ದಿನಕ್ಕೇ ತಂದ ಮರಿಗೆ ಆ ಪಾಠ ಅರ್ಧಕ್ಕೇ ನಿಂತಿತ್ತು.

ಗಂಡ ಒಮ್ಮೆ ಜೊತೆಗೆ ಬಂದಿದ್ದರು. ಅವರದು ಒಂದೇ ಮಾತು. "ಮಿಲ್ಟ್ರಿ ನಾಯಿ ಐತ್ರಿ ಮೇಡಂ. ಹೊಡೀಲಾರದ ಹೆಂಗ ಶಿಸ್ತು ಬರ್ತೈತಿ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ರಿ?" 2016ರಲ್ಲಿ ಮುಧೋಳ ಮರಿಗಳನ್ನು ಸೇನೆಯವರು ತರಬೇತಿಗೆ ಮೀರತ್‌ಗೆ ಒಯ್ದಿದ್ದು ನಿಜ. ಆ ಹೆಮ್ಮೆ ನಮಗೆಲ್ಲ ಇದೆ. ಆದರೆ ಇದು ವಾಸನೆಗಿಂತ ಹೆಚ್ಚಾಗಿ ಕಣ್ಣು ನಂಬಿ ಬೇಟೆ ಆಡುವ ತಳಿ. ಹೊಲದ ಆ ತುದಿಯಲ್ಲಿ ಮೊಲ ಅಲುಗಿದ್ದು ಕಾಣುವ ಕಣ್ಣಿಗೆ ಕಸಬರಿಗೆ ಕಡೆ ಹೋಗುವ ನಿಮ್ಮ ಕೈ ಕಾಣಲ್ವಾ ಅಂದೆ. ಗಾದೆಗೂ ಒಂದು ಉತ್ತರ ಕೊಟ್ಟೆ. ಮನೆ ಮುಂದಿನ ಮಲ್ಲಿಗೆ ಬಳ್ಳಿ ಬಗ್ಗಿಸೋಕೆ ಕೋಲು ಊರಿ ದಾರ ಕಟ್ತೀರಿ, ಆ ಕೋಲಿನಿಂದ ಬಳ್ಳಿಗೆ ಹೊಡೀತೀರಾ? ಅವರು ನಕ್ಕರು. ಒಪ್ಪಿದರು ಅಂತ ಹೇಳಲಾರೆ. ಆದರೆ ರಾತ್ರಿ ಪಾಳಿ ಇದ್ದ ವಾರ ಮಧ್ಯಾಹ್ನ ಮರಿಯನ್ನು ಹೊರಗೆ ಬಿಡುವ ಕೆಲಸ ವಹಿಸಿಕೊಂಡರು. ಉಳಿದ ವಾರಗಳಲ್ಲಿ ಪಕ್ಕದ ಮನೆಯ ಅಜ್ಜಿ. ಅಲ್ಲಿಯವರೆಗೆ ಆ ಮರಿ ಮನೆಯಲ್ಲಿ ಯಾರೂ ಇಲ್ಲದ ಹೊತ್ತೆಲ್ಲ ಬಚ್ಚಲಮನೆಯಲ್ಲಿ ಬಂದ್ ಆಗಿ ಇರುತ್ತಿತ್ತು. ಮೂರು ತಿಂಗಳ ಮರಿ ಮೂರು ನಾಲ್ಕು ತಾಸಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳಲಾರದು.

ಬಾಗಿಲ ಸಾಲು ಮೂರನೇ ವಾರದ ಹಾಳೆಯಲ್ಲಿ ಎರಡೇ ಸಲ ಇತ್ತು. ಐದನೇ ವಾರದಲ್ಲಿ ಇರಲಿಲ್ಲ. ನೆಂಟರು ಬಂದಾಗ, ಕುಕ್ಕರ್ ಸೀಟಿ ಹೊಡೆದಾಗ ಈಗಲೂ ಒಂದೊಂದು ಸಲ ಆಗುತ್ತದಂತೆ.

ಕೊನೆಯ ಸಲ ಬಂದಾಗ ಆಕೆ ಹಾಳೆ ತಂದಿರಲಿಲ್ಲ. ಹಿಂದಿನ ದಿನದ ವಿಷಯ ಹೇಳಿದರು. ಮನೆಗೆ ಬಂದು, ಗುಂಡ್ಯಾನನ್ನು ದಾಟಿ, ಬ್ಯಾಗು ಇಟ್ಟು, ನೀರು ಕುಡಿದು ಪಡಸಾಲೆಯಲ್ಲಿ ಕೂತರಂತೆ. ಮರಿ ಬಂದು ತೊಡೆಗೆ ಒರಗಿತಂತೆ. ಮಗ ಟಿವಿ ನೋಡುತ್ತಿದ್ದನಂತೆ.

"ಟಿವಿ ಬಂದ್ ಮಾಡ್ಲಿಲ್ರಿ ಅಂವ. ಪುಸ್ತಕಾನೂ ತಗೀಲಿಲ್ಲ. ನನಗ ಸಿಟ್ಟು ಬಂತು ನೋಡ್ರಿ ಮೊದಲ." ಸ್ವಲ್ಪ ತಡೆದು, "ಇದು ಚಲೋ ಆತೋ ಕೆಟ್ಟ ಆತೋ ನೀವ ಹೇಳ್ರಿ" ಅಂದರು.

ಏನು ನೋಡುತ್ತಿದ್ದ ಅಂತ ಕೇಳಿದೆ. ಆಕೆಗೆ ಗೊತ್ತಿರಲಿಲ್ಲ. ಇವತ್ತು ಹೋಗಿ ಕೂತು ನೋಡ್ತೀನ್ರಿ ಅಂದರು.