ಸಿಡಿ4 ಎಣಿಕೆ ಏರಿಸುವ ಚುಚ್ಚುಮದ್ದಿನ ಬಗ್ಗೆ

ಔಷಧಿಯಿಂದ ಎಚ್‌ಐವಿ ವೈರಸ್ ಹತೋಟಿಗೆ ಬಂದರೂ ಸಿಡಿ4 ಕೋಶಗಳ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳ) ಎಣಿಕೆ ಏರುತ್ತಿಲ್ಲ, ರಕ್ಷಣಾ ಕೋಶಗಳ ನಡುವೆ ಸಂಕೇತ ಒಯ್ಯುವ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನ್‌ನ ಚುಚ್ಚುಮದ್ದು ಪಡೆಯಬಹುದೇ ಎಂದು ಕೇಳಿದ್ದೀರಿ. ಸಂಶೋಧಕರೂ ಇದೇ ಆಸೆಯಿಂದ ವರ್ಷಗಟ್ಟಲೆ ದುಡಿದರು. ಎಸ್ಪ್ರಿಟ್, ಸಿಲ್‌ಕ್ಯಾಟ್ ಎಂಬ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಣಿಕೆಯೇನೋ ಏರಿತು, ರೋಗನಿರೋಧಕ ಶಕ್ತಿ ಕುಂದಿದಾಗ ಬರುವ ಅವಕಾಶವಾದಿ ಸೋಂಕುಗಳಾಗಲಿ ಸಾವುಗಳಾಗಲಿ ಕಡಿಮೆಯಾಗಲಿಲ್ಲ. ಅಡ್ಡಪರಿಣಾಮಗಳು ಬೇರೆ. ಹಾಗಾಗಿ ನನ್ನ ಉತ್ತರ: ಬೇಡ.

ಈ ಸಂಕೇತ ಪ್ರೋಟೀನ್‌ಗಳ ಸ್ವಭಾವವೇ ಇಬ್ಬಗೆಯದು. ಉರಿಯೂತ ಹುಟ್ಟಿಸುವ ಟಿಎನ್‌ಎಫ್ ಎಂಬ ಇಂಥದೇ ಪ್ರೋಟೀನನ್ನು ನೋಡಿ. ಅದು ಕೋಶದ ಮೇಲ್ಮೈಗೆ ಅಂಟಿಕೊಂಡಾಗ ಒಳಗಿರುವ, ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಸಾಗಿ ರಕ್ಷಣೆಯ ಜೀನ್‌ಗಳನ್ನು ಎಚ್ಚರಿಸುತ್ತದೆ. ಎಚ್‌ಐವಿ ತನ್ನ ಜೀನ್‌ಸರಣಿಯ ತುದಿಯಲ್ಲಿ ಇದೇ ಎನ್‌ಎಫ್-ಕಪ್ಪಾ-ಬಿ ಬಂದು ಕೂರುವ ತಾಣಗಳನ್ನು ಇಟ್ಟುಕೊಂಡಿದೆ. ಕಾವಲುಗಾರ ಊದಿದ ಕಹಳೆಗೆ ಕಳ್ಳನೂ ಎದ್ದು ಕೂರುತ್ತಾನೆ! ಇಂಟರ್‌ಲ್ಯೂಕಿನ್-7 ಕೂಡ ಸಿಡಿ4 ಕೋಶಗಳನ್ನು ಹೆಚ್ಚಿಸಬಲ್ಲದು, ಆದರೆ ವೈರಸ್ ಅಡಗಿರುವ ಕೋಶಗಳೂ ಅದರಿಂದ ವೃದ್ಧಿಯಾಗಬಹುದು. ವೈರಸ್ ಹತೋಟಿಗೆ ಬಂದ ಮೇಲೂ ಉರಿಯೂತದ ಇನ್ನೊಂದು ಸಂಕೇತ ಪ್ರೋಟೀನ್ ಇಂಟರ್‌ಲ್ಯೂಕಿನ್-6 ಹಲವರಲ್ಲಿ ಹೆಚ್ಚಾಗಿಯೇ ಉಳಿಯುತ್ತದೆ. ಹೃದ್ರೋಗದ ಅಪಾಯಕ್ಕೂ ಅದಕ್ಕೂ ನಂಟಿದೆ.

ಈಗಿನ ಎಆರ್‌ಟಿ (ಎಚ್‌ಐವಿ ಹತೋಟಿಯ) ಮಾತ್ರೆಗಳನ್ನು ತಪ್ಪಿಸಬೇಡಿ. ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದ್ದರೆ ಅವಕಾಶವಾದಿ ಸೋಂಕು ತಡೆಯುವ ಮುನ್ನೆಚ್ಚರಿಕೆಯ ಔಷಧಿ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಧೂಮಪಾನವಿದ್ದರೆ ಅದನ್ನೂ ಬಿಡಿ.